ಎರಡು ಸಲ ಹಿಡಿದ ರೋಜಾ

ಸಾಯುವ ಮೊದಲು ನನ್ನ ಅಮ್ಮ ತನ್ನ ಬಾಕಿ ರೋಜಾಗಳನ್ನೆಲ್ಲ, ಬಿಟ್ಟುಹೋಗಿದ್ದ ರಮಜಾನ್ ಉಪವಾಸಗಳನ್ನೆಲ್ಲ, ಹಿಡಿದು ಮುಗಿಸಿದಳು. ಅದರಲ್ಲಿ ಒಂದನ್ನು ಮಾತ್ರ ಎರಡು ಸಲ ಹಿಡಿಯಬೇಕಾಯಿತು. ಕಾರಣ ನಾನು. ಇದನ್ನು ಗಂಡನ ಮುಂದೆ ಹೇಳಿಲ್ಲ, ತಮ್ಮನ ಮುಂದೆಯೂ ಹೇಳಿಲ್ಲ. ಈಗ ಬರೆಯಲು ಕೂತರೂ ಸಿಟ್ಟು ಬರುತ್ತದೆ.

ನಮ್ಮದು ರಾಮದುರ್ಗದಲ್ಲಿ ಹತ್ತಿ ಹಿಂಜಿ ಗಾದಿ ಹೊಲೆಯುವ ಮನೆತನ. ತಲೆತಲಾಂತರದಿಂದ ಮುಸಲ್ಮಾನರೇ, ಆದರೆ ಮನೆಯ ಮಾತು ಕನ್ನಡ, ಧರ್ಮದ ತಿಳಿವಳಿಕೆ ಅಷ್ಟಕ್ಕಷ್ಟೇ. ರಮಜಾನ್ ಬಂದರೆ ರೋಜಾ, ಶುಕ್ರವಾರ ಅಪ್ಪ ಮಸೀದಿಗೆ, ಹಬ್ಬಕ್ಕೆ ಸುರಕುಂಬಾ ಪಾಯಸ. ಇದರಾಚೆ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ತೊಂಬತ್ತರ ದಶಕದ ನಡುವೆ ನಮ್ಮ ಓಣಿಯಲ್ಲಿ ಹೆಂಗಸರಿಗಾಗಿ ಮಧ್ಯಾಹ್ನದ ಪಾಠ ಶುರುವಾಯಿತು. ಕಲಿಸಲು ಬರುತ್ತಿದ್ದಾಕೆಗೆ ಎಲ್ಲರೂ ಉಸ್ತಾನಿ ಅನ್ನುತ್ತಿದ್ದರು. ಅಪ್ಪ ತೀರಿಕೊಂಡು ಆಗ ವರ್ಷವಾಗಿತ್ತು. ಮನೆಯಲ್ಲಿ ಕೂತು ಅಳುವ ಬದಲು ಅಮ್ಮ ಅಲ್ಲಿಗೆ ಹೋಗತೊಡಗಿದಳು.

ನಾನು ಎರಡನೆಯ ಬಾಣಂತನಕ್ಕೆ ಬೈಲಹೊಂಗಲದ ಗಂಡನ ಮನೆಯಿಂದ ಬಂದಿದ್ದೆ. ಒಂದು ದಿನ ಪಾಠ ಮುಗಿಸಿಕೊಂಡು ಬಂದ ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಬುರ್ಖಾ ಕೂಡ ತೆಗೆಯದೆ ನನ್ನ ಹಾಸಿಗೆಯ ಹತ್ತಿರ ಕುಕ್ಕರಿಸಿದಳು.

"ಮುಟ್ಟಾದಾಗ, ಹಡದಾಗ ನಮಾಜೂ ಇಲ್ಲ, ರೋಜಾನೂ ಇಲ್ಲ. ಅದು ಗೊತ್ತಿತ್ತು. ಬಿಟ್ಟ ನಮಾಜು ಮಾಫಿ ಅಂತ, ಮಗಳ. ಆದ್ರ ಬಿಟ್ಟ ರೋಜಾ ಮಾಫಿ ಇಲ್ಲಂತ. ಒಂದೊಂದೂ ಹಿಡದು ತೀರಿಸಬೇಕಂತ."

ಅಮ್ಮ ಹಡೆದದ್ದು ಎಂಟು, ಉಳಿದವರು ಐವರು. ಬಸುರಿಯಾಗಿದ್ದಾಗ, ಮೊಲೆ ಕುಡಿಸುವಾಗ ರೋಜಾ ಬೇಡ ಅಂತ ಅತ್ತೆಯೇ ಬಿಡಿಸುತ್ತಿದ್ದಳಂತೆ. ಉಳಿದ ವರ್ಷಗಳಲ್ಲಿ ತಿಂಗಳ ಆರೇಳು ದಿನ. ಅಮ್ಮ ಸುಗ್ಗಿ, ಮಳೆ, ಬರ ನೆನಪು ಮಾಡಿಕೊಂಡು ಎಣಿಸಿದಳು. ರಮಜಾನ್ ವರ್ಷವರ್ಷ ಹಿಂದೆ ಸರಿಯುತ್ತದಲ್ಲ, ಹಾಗಾಗಿ ಯಾವ ಮಗು ಯಾವ ಹಂಗಾಮಿನಲ್ಲಿ ಹುಟ್ಟಿತು ಅನ್ನುವುದೇ ಆಕೆಗೆ ಆಧಾರ. ಮುನ್ನೂರು ದಾಟಿತು. ಅದರಲ್ಲಿ ನನ್ನ ಪಾಲಿನದೇ ಎರಡು ರಮಜಾನ್. ನಾನು ಹುಟ್ಟಿದ್ದೇ ಆ ತಿಂಗಳಲ್ಲಿ, ಮರುವರ್ಷವೂ ಮೊಲೆ ಬಿಟ್ಟಿರಲಿಲ್ಲವಂತೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅಪ್ಪಗ ಒಂದೂ ಬಾಕಿ ಇದ್ದಿಲ್ಲಲ್ಲ! ಮಕ್ಕಳು ಇಬ್ಬರದೂ, ಬಾಕಿ ನಿನಗೊಬ್ಬಾಕಿಗೇನ? ಇದ್ಯಾವ ನ್ಯಾಯ?" ಅಂತ ಬಾಯಿ ಮಾಡಿದೆ.

"ತೌಬಾ ತೌಬಾ, ಬಾಯಿ ಮುಚ್ಚು. ಬಾಣಂತಿ ಹಂಗೆಲ್ಲಾ ಮಾತಾಡಬಾರದು," ಅಂದಳು. ಆಕೆಯ ಕಣ್ಣಲ್ಲಿ ನೀರಿತ್ತು, ಆದರೆ ಅದು ದುಃಖದ ನೀರಲ್ಲ. ಇಷ್ಟು ವರ್ಷ ಗೊತ್ತಿಲ್ಲದೆ ಆರಾಮಾಗಿ ಉಂಡು ಮಲಗಿದೆನಲ್ಲ ಅನ್ನುವ ಅಂಜಿಕೆ.

ಮರುದಿನ ಅಂಗಡಿಯ ಮೂಲೆಯಿಂದ ಒಂದು ಬೊಗಸೆ ಹತ್ತಿಕಾಳು ತಂದು, ಎಣಿಸಿ, ಒಂದು ಡಬ್ಬಿಯಲ್ಲಿ ಹಾಕಿದಳು. ಪಕ್ಕಕ್ಕೆ ಒಂದು ಖಾಲಿ ಡಬ್ಬಿ. ಒಂದು ರೋಜಾ ಆದರೆ ಒಂದು ಕಾಳು ಈ ಡಬ್ಬಿಯಿಂದ ಆ ಡಬ್ಬಿಗೆ. ಸೋಮವಾರ, ಗುರುವಾರ ಅಂತ ವಾರಕ್ಕೆ ಎರಡು ಹಿಡಿಯತೊಡಗಿದಳು.

ಗೋಡೆಯಾಚೆ ಲಿಂಗಾಯತರ ಮನೆ. ಆ ಮನೆಯ ಯಜಮಾನಿಗೆ ಅಮ್ಮ ವೈನಿ ಅನ್ನುತ್ತಿದ್ದಳು, ಆಕೆ ಅಮ್ಮನಿಗೆ ಅಕ್ಕಾರ ಅನ್ನುತ್ತಿದ್ದಳು. ವೈನಿಯದೂ ಸೋಮವಾರ ಉಪವಾಸ. ಜೋಡಿ ಸಿಕ್ಕಿತು ಅಂತ ಆಕೆಗೆ ಬಹಳ ಖುಷಿ. ಮಧ್ಯಾಹ್ನ ಗೋಡೆಯ ಮೇಲಿಂದ ಸಾಬೂದಾಣಿ ಖಿಚಡಿ, ಎರಡು ಬಾಳೆಹಣ್ಣು, ಒಂದು ಲೋಟ ಚಹಾ ಚಾಚುತ್ತಿದ್ದಳು. "ತಗೋರಿ ಅಕ್ಕಾರ, ಉಪಾಸಕ್ಕ ನಡಿತೈತಿ." ಅಮ್ಮ ಬೇಡ ಅನ್ನದೆ ಇಸಿದುಕೊಂಡು ಮುಚ್ಚಿಟ್ಟು, ಸಂಜೆ ಅದರಲ್ಲೇ ರೋಜಾ ಬಿಡುತ್ತಿದ್ದಳು. ತಣ್ಣಗಾದ ಚಹಾ ಕೂಡ ಚೆಲ್ಲಲಿಲ್ಲ. ಎಷ್ಟೋ ವಾರದ ಮೇಲೆ ವಿಷಯ ತಿಳಿದು ವೈನಿ ಹಣೆ ಬಡಿದುಕೊಂಡಳು.

"ನೀರೂ ಕುಡಿಯಂಗಿಲ್ಲಂದ್ರ ಅದೆಂಥಾ ಉಪಾಸ್ರಿ ಯವ್ವಾ! ನಮ್ಮ ಶಿವಾ ಭಾಳ ಚಲೋ ಅದಾನ, ಸಾಬೂದಾಣಿಗೆ ಒಪ್ಪತಾನ."

"ನಮ್ಮ ಅಲ್ಲಾ ಸಂಜೀತನಾ ಬಿಡಂಗಿಲ್ರಿ ವೈನಿ. ಸಂಜೀ ಆತಂದ್ರ ಬಿರಿಯಾನಿಗೂ ಬ್ಯಾಡ ಅನ್ನಂಗಿಲ್ಲ," ಅಂತ ಅಮ್ಮ ನಕ್ಕಳು. ಆಮೇಲೆ ಖಿಚಡಿ ಸಂಜೆಗೇ ಬರತೊಡಗಿತು.

ಹೀಗೆ ವರ್ಷಗಳು ಹೋದವು. ಕಾಯಿಲೆ, ಮದುವೆ, ಮುಂಜಿ ಅಂತ ನಡುವೆ ನಿಂತರೂ ಒಂದು ಡಬ್ಬಿ ತುಂಬುತ್ತಾ, ಇನ್ನೊಂದು ಬರಿದಾಗುತ್ತಾ ಬಂತು. ಇನ್ನು ಇಪ್ಪತ್ತರೊಳಗೆ ಉಳಿದಿದ್ದಾಗ ಅಮ್ಮನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಕಣ್ಣಿಗೆ ಪೊರೆಯೂ ಬಂದಿತ್ತು. ಗುಳಿಗೆ ನುಂಗಿ ಉಪವಾಸ ಇರಬಾರದು, ಬೆವರು ಬಂದು ಕೈ ನಡುಗಿದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿ, ಇಲ್ಲದಿದ್ದರೆ ಎಚ್ಚರ ತಪ್ಪಿ ಜೀವಕ್ಕೆ ಅಪಾಯ ಅಂತ ಡಾಕ್ಟರರು ಗದರಿಸಿ ಹೇಳಿದರು. ತಮ್ಮ ಮಸೀದಿಯ ಮೌಲ್ವಿ ಸಾಹೇಬರನ್ನು ಮನೆಗೇ ಕರೆತಂದ. ಅವರು ಬಾಗಿಲ ಹೊರಗೆ ಕೂತು ಸಮಾಧಾನದಿಂದ ಹೇಳಿದರು: "ನೋಡ್ರಿ ಅಮ್ಮಾ, ಜಡ್ಡಾದವರಿಗೆ ರೋಜಾ ಕಡ್ಡಾಯ ಇಲ್ಲ. ಒಂದು ರೋಜಾಕ್ಕ ಒಬ್ಬ ಬಡವಗ ಎರಡು ಹೊತ್ತು ಊಟ ಹಾಕ್ರಿ, ತೀರತೈತಿ. ಅಲ್ಲಾನ ಸವಲತ್ತು ಅದು."

ಅಮ್ಮ ಪರದೆಯ ಹಿಂದಿನಿಂದಲೇ ಕೇಳಿದಳು: "ಅದು ಎದ್ದು ನಿಲ್ಲಾಕ ಆಗದವರಿಗಲ್ರಿ? ನನಗ ಇನ್ನೂ ಕಾಲು ಅದಾವ."

ದೇವರು ವರ ಕೊಟ್ಟರೂ ಪೂಜಾರಿ ಬಿಡಲಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಲ್ಟಾ. ಮೌಲ್ವಿಗಳು ಬಿಟ್ಟರೂ ಅಮ್ಮ ಬಿಡಲಿಲ್ಲ. ನಾನು ಜಗಳ ತೆಗೆದಾಗ ಬೆರಳು ಮಡಚಿ ಹೇಳಿದಳು: "ನಮ್ಮ ಧರ್ಮದಾಗ ಮಾಡೂವು ಐದು. ಕಲ್ಮಾ ನಾಲಿಗಿ ಮ್ಯಾಲೆ ಐತಿ, ಅದಕ್ಕೇನೂ ಕಷ್ಟಿಲ್ಲ. ನಮಾಜು ಮೊಣಕಾಲ ನೋವಿಗೆ ಕುಂತ ಮಾಡತೇನಿ. ಜಕಾತ್ ಕೊಡೂವಷ್ಟು ಆಸ್ತಿ ನಮಗಿಲ್ಲ. ಹಜ್‌ಕ ಹೋಗೂದು ನನ್ನ ಹಣೇಬರದಾಗಿಲ್ಲ. ಉಳದದ್ದು ರೋಜಾ ಒಂದ. ಅದನ್ನೂ ಮಂದಿ ಉಂಡು ತೀರಿಸಬೇಕೇನು? ಸತ್ತ ಮ್ಯಾಲೆ ಅಲ್ಲಾನ ಮುಂದ ನಿಂತು ನಾ ಏನು ತೋರಿಸಲಿ?"

ಸಿಟ್ಟಿನಲ್ಲೇ ನಾನು ಬೈಲಹೊಂಗಲಕ್ಕೆ ವಾಪಸಾದೆ.

ಆ ವರ್ಷ ಶ್ರಾವಣದಲ್ಲಿ ತಮ್ಮ ಫೋನ್ ಮಾಡಿ, ಅಮ್ಮ ರೋಜಾದಲ್ಲಿ ಒಮ್ಮೆ ತಲೆ ತಿರುಗಿ ಬಿದ್ದಳು ಅಂದ. ಬೈಲಹೊಂಗಲದಲ್ಲಿ ಬಸ್ ಹತ್ತಿದೆ. ಯರಗಟ್ಟಿಯಲ್ಲಿ ಬಸ್ ಬದಲಿಸುವಾಗ ತಾಸುಗಟ್ಟಲೆ ನಿಂತೆ. ಅಮ್ಮನಿಗೆ ಏನೇನು ಬಯ್ಯಬೇಕು ಅಂತ ದಾರಿಯುದ್ದಕ್ಕೂ ಒಳಗೇ ಜೋಡಿಸಿಕೊಂಡು ಬಂದೆ. ಮನೆಗೆ ಹೋದರೆ ಆಕೆಯೇ ನನಗೆ ಬಿಸಿರೊಟ್ಟಿ ಬಡಿದು ಹಾಕಿದಳು. ಕೈ ಮೊದಲಿನಂತಿರಲಿಲ್ಲ, ರೊಟ್ಟಿಯ ಅಂಚು ಹರಿದಿತ್ತು. ಬಯ್ಯಲಾಗಲಿಲ್ಲ.

ಸೋಮವಾರ ಬಂತು. ನಸುಕಿನಲ್ಲಿ ಎದ್ದು ಸಹರಿ ಉಂಡು ರೋಜಾ ಹಿಡಿದಳು. ಆ ದಿನ ಬೆಳಗಿನಿಂದ ಮೋಡ. ತಮ್ಮ, ಅವನ ಹೆಂಡತಿ ಸವದತ್ತಿಗೆ ಹೋಗಿದ್ದರು. ನಾಲ್ಕು ಗಂಟೆಯ ಮೇಲೆ ಅಮ್ಮನ ಹಣೆಯಲ್ಲಿ ಬೆವರು ಒಡೆಯಿತು. ಆರರ ಹೊತ್ತಿಗೆ ಬೆರಳು ನಡುಗುತ್ತಿದ್ದವು, ಮಾತು ತೊದಲುತ್ತಿತ್ತು.

"ಅಮ್ಮಾ, ಕೈ ಮುಗೀತೇನಿ, ಬಿಟ್ಟಬಿಡು."

"ಇನ್ನೇನು... ಒಂದ ತಾಸಿಲ್ಲ... ಬಿಡು."

"ಸತ್ತಗಿತ್ತೀ! ನಿನಗೇನರ ಆದ್ರ ನಾ ಏನು ಮಾಡಲಿ?"

"ರೋಜಾದಾಗ ಹೋದ್ರ ಚಲೋನ ಆತು," ಅಂದಳು. ಸಕ್ಕರೆ ನೀರಿನ ಲೋಟ ತುಟಿಗೆ ಒಯ್ದರೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ಅಷ್ಟರಲ್ಲಿ ಕರೆಂಟ್ ಹೋಯಿತು. ಮನೆಯೊಳಗೆ ಕತ್ತಲೆ ಕವಿದಂತಾಯಿತು. ಕರೆಂಟಿಲ್ಲದಿದ್ದರೆ ಮಸೀದಿಯ ಮೈಕಿನ ಬಾಂಗ್ ನಮ್ಮ ಓಣಿಯ ತನಕ ಕೇಳುವುದಿಲ್ಲ. ನಾನು ನಡುಮನೆಗೆ ಹೋಗಿ ಸ್ಟೂಲ್ ಹತ್ತಿ ಗಡಿಯಾರದ ಮುಳ್ಳನ್ನು ನಲವತ್ತು ನಿಮಿಷ ಮುಂದೆ ತಿರುವಿದೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನೇ ಮಾಡಿತು ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಸ್ಟೂಲ್ ಹುಡುಕಿ ತಂದವಳು ನಾನೇ.

"ಅಮ್ಮಾ, ಹೊತ್ತು ಮುಣಗಿತು. ರೋಜಾ ಬಿಡು."

"ಬಾಂಗ್ ಆಗಲಿಲ್ಲಲ್ಲ?"

"ಕರೆಂಟ್ ಇಲ್ಲ, ಹೆಂಗ ಕೇಳಬೇಕು? ಏಳಕ್ಕ ಐದು ಕಮ್ಮಿ ಆಗೇತಿ, ಗಡಿಯಾರ ನೋಡು."

ಆಕೆ ಗಡಿಯಾರ ನೋಡಲಿಲ್ಲ. ಪೊರೆ ಬಂದ ಕಣ್ಣಿಗೆ ಅದು ಕಾಣುತ್ತಲೂ ಇರಲಿಲ್ಲ. ನನ್ನ ಮುಖ ನೋಡಿದಳು. "ಖರೇ?" ಅಂದಳು. "ಖರೇ," ಅಂದೆ. ಆಣೆ ಕೇಳಲಿಲ್ಲ. ದುವಾ ಹೇಳಿ ಖರ್ಜೂರ ಬಾಯಿಗಿಟ್ಟುಕೊಂಡಳು. ನಾನು ಕೊಟ್ಟ ಸಕ್ಕರೆ ನೀರು ಗಟಗಟ ಕುಡಿದಳು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. "ಬದುಕಿದೆ ಯವ್ವಾ," ಅಂತ ನಕ್ಕಳು ಕೂಡ. ಡಬ್ಬಿ ತರಿಸಿಕೊಂಡು ಒಂದು ಕಾಳು ಆ ಕಡೆ ಹಾಕಿದಳು. ಸುಳ್ಳು ಹೇಳುವ ಮೊದಲು ಇದ್ದ ಭಯವೆಲ್ಲ ಹೋಗಿ ನನಗೆ ಹೆಮ್ಮೆಯೇ ಅನಿಸಿತು. ಅಮ್ಮ ಕೈಕಾಲು ತೊಳೆದು, ಸಂಜೆಯ ನಮಾಜಿಗೆ ಪಡುವಣ ಕಿಟಕಿಯ ಮುಂದೆ ಚಾಪೆ ಹಾಸಿ ಕೂತಳು.

ಇನ್ನೂ ನಮಾಜಿನ ಎರಡನೆಯ ರಕಾತಿನಲ್ಲಿ ಇದ್ದಾಳೆ, ಮೋಡದ ಕೆಳಗಿಂದ ಸೂರ್ಯ ಹೊರಬಂದ. ಕಿಟಕಿಯಿಂದ ಬಿಸಿಲು ನೇರ ಆಕೆಯ ಮುಖಕ್ಕೆ ಬಿತ್ತು. ಕೆಂಪಾದ, ಬೆಚ್ಚಗಿನ ಬಿಸಿಲು. ಕುರುಡರಿಗೂ ತಿಳಿಯುವಂಥದ್ದು. ಅಮ್ಮ ನಮಾಜು ಮುರಿಯಲಿಲ್ಲ. ಕೊನೆಯ ತನಕ ಓದಿ, ಬಲಕ್ಕೆ ತಿರುಗಿ ಸಲಾಂ ಹೇಳಿದಳು, ಎಡಕ್ಕೆ ತಿರುಗಿ ಸಲಾಂ ಹೇಳಿದಳು. ಎಡಕ್ಕೆ ನಾನು ನಿಂತಿದ್ದೆ.

ಎದ್ದು ಹೋಗಿ, ತಡಕಾಡಿ, ತುಂಬಿದ ಡಬ್ಬಿಯಿಂದ ಒಂದು ಕಾಳು ತೆಗೆದು ಮತ್ತೆ ಇನ್ನೊಂದಕ್ಕೆ ಹಾಕಿದಳು.

"ಇನ್ನೊಂದೀಟು ತಡದಿದ್ದರ ಮುಗೀತಿತ್ತಲ್ಲ ಮಗಳ," ಅಂದಳು. "ಈಗ ಮತ್ತೊಂದು ದಿನಾ ಪೂರ್ತಿ ಹಸೀಬೇಕಾತು."

ಬಯ್ದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ. ಆಕೆ ಬಯ್ಯಲಿಲ್ಲ. ನಿಜವಾಗಿ ಹೊತ್ತು ಮುಳುಗಿದ ಮೇಲೆ ಸಂಜೆಯ ನಮಾಜನ್ನು ಮತ್ತೆ ಮಾಡಿದಳು.

ಮರುದಿನ ನಾನು ಉಸ್ತಾನಿಯ ಮನೆಗೆ ಹೋದೆ. ಹೋದವಳು ನೇರ ಕೇಳಿದೆನೇ? ಇಲ್ಲ. "ಬೈಲಹೊಂಗಲದಾಗ ನಮ್ಮ ಬಾಜೂ ಮನಿಯಾಕಿ ಹಿಂಗ ಮಾಡ್ಯಾಳ್ರಿ" ಅಂತ ಇನ್ನೊಂದು ಸುಳ್ಳು ಕಟ್ಟಿದೆ. ಆಕೆ ಎಲ್ಲ ಕೇಳಿಸಿಕೊಂಡು ಹೇಳಿದಳು: "ತಾಯಿಗೆ ಗುನ್ನೆ ಇಲ್ಲ. ಆದ್ರ ಆ ರೋಜಾ ಆಗಲಿಲ್ಲ, ಮತ್ತ ಹಿಡೀಬೇಕು. ಜೀವಕ್ಕ ಬಂದಿದ್ರ ಬಿಡಸೂದು ತಪ್ಪಲ್ಲ, ಜೀವಾ ದೊಡ್ಡದು. ಸುಳ್ಳು ಯಾಕ ಹೇಳಬೇಕಿತ್ತು? ಆ ಬಾಜೂ ಮನಿಯಾಕಿಗೆ ಹೇಳು, ಮೊದಲ ತಾಯಿ ಹತ್ರ ಮಾಫಿ ಕೇಳಂತ." ಹೇಳುವಾಗ ನನ್ನ ಕಣ್ಣನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಅಮ್ಮನ ಕಾಲು ಹಿಡಿದೆ. ಅಮ್ಮ ನನ್ನ ಕೈ ಬಿಡಿಸಿ, "ಹುಚ್ಚಿ, ಮಾಫ್ ಮಾಡೇನಿ, ಏಳು. ಹೊಟ್ಟೀ ಸಂಕಟಕ್ಕ ಮಾಡಿದಿ. ನನಗ ತಿಳಿಯಂಗಿಲ್ಲೇನು?" ಅಂದಳು. ತಲೆ ಸವರಿದಳು. ಇಷ್ಟು ಸುಲಭವೇ ಅಂತ ನಾನು ಅತ್ತುಬಿಟ್ಟೆ. ಒಂದು ಮಾತಿಗೆ ಒಪ್ಪಿಸಿದೆ. ಇನ್ನು ಮೇಲೆ ರೋಜಾ ಇದ್ದ ದಿನ ಡಾಕ್ಟರರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಬೇಕು. ಆಗಲಿ ಅಂದಳು. ಡಾಕ್ಟರರು ನನ್ನನ್ನೇ ಬೈದು, ಕಡೆಗೆ ಬದಲಿಸಿಕೊಟ್ಟರು.

ಗುರುವಾರ ಅದೇ ರೋಜಾವನ್ನು ಎರಡನೆಯ ಸಲ ಹಿಡಿದಳು. ಆ ದಿನ ಮೋಡವಿರಲಿಲ್ಲ, ನಡುಕವೂ ಬರಲಿಲ್ಲ. ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಕರೆಂಟ್ ಮಾತ್ರ ಆ ದಿನವೂ ಹೋಗಿತ್ತು. ನಾನು ಮಾಳಿಗೆಯ ಮೆಟ್ಟಿಲೇರಿ ನಿಂತು ನೋಡಿದೆ. ಸೂರ್ಯ ಪೂರ್ತಿ ಇಳಿದು, ಕೆಂಪು ಮಾಸುವ ತನಕ ಕಾದೆ. ಆಮೇಲೂ ಇನ್ನಷ್ಟು ಹೊತ್ತು ಬಿಟ್ಟು, ಖರ್ಜೂರ, ನೀರಿನ ಲೋಟ ಹಿಡಿದು ಕೆಳಗೆ ಬಂದೆ.

"ಅಮ್ಮಾ, ಹೊತ್ತು ಮುಣಗಿತು. ನಾನ ನೋಡಿ ಬಂದೇನಿ."

ಅಮ್ಮ ಕೈ ಚಾಚಲಿಲ್ಲ. ನಾನು ಲೋಟ ಹಿಡಿದುಕೊಂಡೇ ನಿಂತೆ. ಆಕೆ ಗೋಡೆಯ ಕಡೆ ಮುಖ ಮಾಡಿ ಕೂಗಿದಳು.

"ವೈನೀ, ಹೊತ್ತು ಮುಣಗಿತೇನ್ರಿ?"

ಗೋಡೆಯಾಚೆಯಿಂದ ದನಿ ಬಂತು. "ಹೌದ್ರಿ ಅಕ್ಕಾರ, ಮುಣಗಿ ಭಾಳ ಹೊತ್ತಾತು, ದೀಪಾನೂ ಹಚ್ಚೇನಿ. ಯಾಕ್ರಿ, ಮಗಳು ಮನ್ಯಾಗಿಲ್ಲೇನು?"

"ಅದಾಳ್ರಿ," ಅಂದಳು ಅಮ್ಮ. ಆಮೇಲೆ ನನ್ನ ಕೈಯಿಂದ ಲೋಟ ಇಸಿದುಕೊಂಡು, ಬಿಸ್ಮಿಲ್ಲಾ ಅಂತ ನೀರು ಕುಡಿದಳು.