ಸತ್ತ ಸಿಗಡಿಯ ವಾಟಾ

ಡೊಂಬಿವಲಿಯಿಂದ ದೋಣಿಯಲ್ಲಿ ಉಪ್ಪುನೀರಿನ ಖಾಡಿ ದಾಟಿ ಈ ಪುಟ್ಟ ದ್ವೀಪದಲ್ಲಿ ಇಳಿದಾಗ, ದಡದಲ್ಲಿ ಎಂಟು ಹೆಂಗಸರು ಸಿಗಡಿಯ ಎಂಟು ಗುಪ್ಪೆಗಳ ಸುತ್ತ ಕೂತಿದ್ದರು. ಇಲ್ಲಿ ಗುಪ್ಪೆಗೂ ವಾಟಾ ಎನ್ನುತ್ತಾರೆ, ಪಾಲಿಗೂ ವಾಟಾ ಎನ್ನುತ್ತಾರೆ. ಮರಳು ತೆಗೆಯುವ ಕೆಲಸ ನಿಂತಮೇಲೆ ಇವರು ಕಟ್ಟಿಕೊಂಡ ಬದುಕು ಇದು: ಬಲೆ ಯಾರದೇ ಇರಲಿ, ಪಾಲು ಎಲ್ಲರಿಗೂ ಸಮ.

ಇವತ್ತಿನ ಸಿಗಡಿ ಸೀಮೆಎಣ್ಣೆ ನಾರುತ್ತಿತ್ತು.

“ಯಾವದೋ ಕಾರ್ಖಾನಿ ನೀರು ಬಿಟ್ಟಾರ್ರಿ. ಎಲ್ಲಾ ಹೂಳೋದ,” ಎಂದಳು ಶಾಂತವ್ವ. ಮರಳಿನ ಕೆಲಸಕ್ಕೆಂದು ಗಂಡನ ಜೊತೆ ವಿಜಯಪುರದಿಂದ ಬಂದು, ಅವನು ಮುಳುಗಿ ಸತ್ತಮೇಲೂ ಇಲ್ಲೇ ಉಳಿದವಳು.

“ಹೂಳೋದಕ್ಕೂ ಪಾಲು ಯಾಕ್ರೀ?” ನನಗೆ ರೇಗಿತ್ತು.

“ಒಬ್ಬಾಕಿ ಕೈಗೆ ಕೊಟ್ರ ತೊಳದು ಬಾಜಾರಕ್ಕ ಒಯ್ತಾಳ್ರಿ. ಮಂದಿ ತಿಂದು ಸತ್ರ? ತಂತಮ್ಮ ವಾಟಾ ಎಲ್ಲಾರ ಎದುರಿಗೇ ಹೂಳಬೇಕು. ಗುಪ್ಪಿ ಹಾಕಿದಾಕಿ ಕಡೀಕ ತಗೋಬೇಕು.”

ಇವತ್ತು ಗುಪ್ಪೆ ಹಾಕಿದವಳು ಅವಳೇ. ಏಳು ಜನ ಹೂತು ಮುಗಿಸಿದ ಮೇಲೆ ಶಾಂತವ್ವ ಕೊನೆಯ ಗುಪ್ಪೆಯ ಸಿಗಡಿಗಳನ್ನು ಒಂದೊಂದಾಗಿ ಮೂಸಿದಳು. ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡು, ಉಳಿದವುಗಳ ಮೇಲೆ ಮಣ್ಣೆಳೆದಳು. ಯಾರಾದರೂ ಬೈದಾರು ಎಂದು ಸುತ್ತ ನೋಡಿದೆ. ಏಳೂ ಜನರ ಸೆರಗಿನ ತುದಿಯಲ್ಲಿ ಒದ್ದೆ ಗಂಟಿತ್ತು.