ಮುಂಜಿಯಾಗದ ಅರಳಿ

ಬಳೇಪೇಟೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೈಗಾಡಿಗಳು ಸರಪಳಿ ಬಿಗಿಸಿಕೊಂಡು ಗೋಡೆಗೆ ಒರಗಿವೆ. ಬಳೆ ಅಂಗಡಿಯೊಂದರ ಮುಂದೆ ಬಿದಿರಿನ ಏಣಿ ನಿಂತಿದೆ, ಅದರ ತುದಿಯಲ್ಲಿ ಚಿಕ್ಕಮುನಿಯಮ್ಮ ನಿಂತಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್, ಸೊಂಟದಲ್ಲಿ ಉಳಿ ಮತ್ತು ಸುತ್ತಿಗೆ. ಅವರ ಮೂಗಿನ ಮುಂದೆಯೇ, ಮೊದಲ ಮಹಡಿಯ ಗೋಡೆಯ ಬಿರುಕಿನಿಂದ ಗೇಣುದ್ದದ ಅರಳಿ ಗಿಡವೊಂದು ತಲೆ ಹೊರಹಾಕಿದೆ. ಏಣಿ ಹಿಡಿದುಕೊಳ್ಳುವ ಕೆಲಸ ನನ್ನದು. ಪತ್ರಿಕೆಗಾಗಿ ಆಕೆಯನ್ನು ಮಾತಾಡಿಸಲು ಬಂದವನಿಗೆ ಬಂದ ಕೂಡಲೇ ಸಿಕ್ಕ ಹುದ್ದೆ ಇದು.

ಅಂಗಡಿಯ ಯಜಮಾನರು ಪರಮಶಿವಯ್ಯ. ಬೆಳಗಿನ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಎದುರು ಅಂಗಡಿಯ ಜಗಲಿಯ ಮೇಲೆ ಕೈಜೋಡಿಸಿ ನಿಂತಿದ್ದಾರೆ.

"ನೋಡಮ್ಮ, ಕೊಯ್ಯಬೇಡ, ಬೇರು ಸಮೇತ ಬರಲಿ. ಪಾಪ ನಮ್ಮ ಮನೆತನಕ್ಕೆ ಅಂಟೋದು ಬೇಡ" ಎನ್ನುತ್ತಾರೆ.

"ಬೇರು ಸಮೇತಾನೇ ಬತ್ತದೆ ಸಾಮಿ. ಪಾಪ ಏನಾದ್ರೂ ಇದ್ರೆ ನಂಗೇ ಇರ್ಲಿ ಬಿಡಿ" ಎಂದು ಮೇಲಿನಿಂದ ಉತ್ತರ ಬರುತ್ತದೆ.

ಬೆಂಗಳೂರಿನ ಹಳೇ ಪೇಟೆಯ ಕಟ್ಟಡಗಳಿಗೆ ಇದೊಂದು ತೀರದ ತಾಪತ್ರಯ. ಹಕ್ಕಿಗಳು ಹಣ್ಣು ತಿಂದು ಗೋಡೆಯ ಮೇಲೆ ಕೂರುತ್ತವೆ, ಹಿಕ್ಕೆ ಹಾಕಿ ಹಾರಿಹೋಗುತ್ತವೆ. ಸುಣ್ಣದ ಗಾರೆಯ ಬಿರುಕಿನಲ್ಲಿ ಅರಳಿ, ಅತ್ತಿ, ಬಸರಿ ಮೊಳೆಯುತ್ತವೆ. ಬಿಟ್ಟರೆ ಗೋಡೆ ಸೀಳುತ್ತದೆ, ಕಿತ್ತರೆ ದೋಷ ಎಂಬ ಭಯ. ಅರಳಿಯ ಮೇಲೆ ಕತ್ತಿ ಇಡಲು ಮನೆಯವರಿರಲಿ, ಎಷ್ಟೋ ಮೇಸ್ತ್ರಿಗಳೂ ಒಪ್ಪುವುದಿಲ್ಲ. ಆಗ ಅಕ್ಕಿಪೇಟೆಯಿಂದ ಬಸವನಗುಡಿಯವರೆಗೆ ಎಲ್ಲರೂ ಫೋನ್ ಮಾಡುವುದು ಬಿನ್ನಿಪೇಟೆಯ ಈ ಗಾರೆ ಕೆಲಸದ ಹೆಂಗಸಿಗೆ. ಲೋಡಿನ ಲಾರಿಗಳು ಬರುವ ಮುಂಚೆ ಬೀದಿಯಲ್ಲಿ ಏಣಿ ನಿಲ್ಲಿಸಬೇಕು, ಅದಕ್ಕೇ ಈ ನಸುಕಿನ ಹೊತ್ತು.

ಆಕೆ ಗಿಡವನ್ನು ಎಳೆಯುವುದಿಲ್ಲ. ಸುತ್ತಲಿನ ಗಾರೆಯನ್ನು ಉಳಿಯಿಂದ ಚೂರುಚೂರೇ ಬಿಡಿಸುತ್ತಾರೆ, ಬಾಯಿಂದ ಊದಿ ಪುಡಿ ಹಾರಿಸುತ್ತಾರೆ, ಬೇರು ಹೋದ ದಾರಿಯಲ್ಲೇ ಬೆರಳು ಹೋಗುತ್ತದೆ. ಹೊರಬಂದ ಗಿಡವನ್ನು ಒದ್ದೆ ಗೋಣಿಚೂರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಇಳಿಯುತ್ತಾರೆ. ಪರಮಶಿವಯ್ಯನವರ ಮುಖದಲ್ಲಿ ಆಗ ಕಂಡ ನಿರಾಳ ನೋಡಬೇಕಿತ್ತು. ಕಾಫಿ ತರಿಸಿದರು, ನನಗೂ ಒಂದು ಲೋಟ ಸಿಕ್ಕಿತು.

ಚಿಕ್ಕಮುನಿಯಮ್ಮನವರಿಗೆ ಐವತ್ತೆಂಟು ಆಗಿರಬಹುದು, ಅವರಿಗೇ ಖಾತ್ರಿಯಿಲ್ಲ. ಅಪ್ಪ ಗಿರಣಿ ಕೆಲಸಗಾರ. ಗಂಡ ಗಾರೆ ಮೇಸ್ತ್ರಿ, ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ವರ್ಷಗಟ್ಟಲೆ ಮಲಗಿದ್ದವರು. ಗಾರೆ ಕೆಲಸದಲ್ಲಿ ಹೆಂಗಸಿಗೆ ಸಿಗುವುದು ಬಾಂಡ್ಲಿ ಹೊರುವ ಕೆಲಸ. ಸಿಮೆಂಟು ಮೆತ್ತುವ ಕರಣೆ ಗಂಡಸಿನ ಕೈಯಲ್ಲೇ ಇರಬೇಕೆಂಬ ಬರೆಯದ ಕಾನೂನು. ಈಕೆ ಗಂಡನ ಕರಣೆ ಎತ್ತಿಕೊಂಡ ದಿನ ಜೊತೆಯವರು ನಕ್ಕರಂತೆ.

"ನಗ್ಲಿ ಬಿಡಿ ಅಂತ ಸುಮ್ಕಿದ್ದೆ. ನಾನು ಮೆತ್ತಿದ ಗೋಡೆ ಅವ್ರು ನಕ್ರು ಅಂತ ಬಿದ್ದೋಗ್ಲಿಲ್ಲವಲ್ಲ" ಎನ್ನುತ್ತಾರೆ.

ಗಂಡ ಇಂಥ ಗಿಡಗಳ ಬೇರಿಗೆ ಆಸಿಡ್ ಸುರಿಯುತ್ತಿದ್ದರು. ಈಕೆಯೂ ಹಾಗೇ ಶುರುಮಾಡಿದವರು. ಒಂದು ದಿನ ಆಸಿಡ್ ಸಿಡಿದು ಎಡಗೈ ಸುಟ್ಟಿತು, ಕಲೆ ಈಗಲೂ ಇದೆ. "ನಂಗೇ ಇಷ್ಟು ಉರಿ, ಅದ್ಕೆಷ್ಟು ಉರಿ ಇರ್ಬೋದು ಅನ್ನುಸ್ತು ಸಾರ್. ಅವತ್ತಿಂದ ಆ ಸೀಸೆ ಮುಟ್ಟಿಲ್ಲ." ಜೀವಂತ ಬಿಡಿಸಿದ ಗಿಡಗಳನ್ನು ಮನೆಗೆ ತಂದರು, ಎಣ್ಣೆ ಡಬ್ಬ, ಒಡೆದ ಬಕೆಟ್, ಹಾಲಿನ ಪ್ಯಾಕೆಟ್ಟುಗಳಲ್ಲಿ ಇಟ್ಟರು. ಆದರೆ ಅರಳಿಯನ್ನು ಯಾರು ತೆಗೆದುಕೊಂಡು ಹೋಗುತ್ತಾರೆ? ಮನೆಯ ಹತ್ತಿರ ನೆಡುವಂತಿಲ್ಲ, ಅಡಿಪಾಯ ಎತ್ತುತ್ತದೆ. ಡಬ್ಬಗಳಲ್ಲೇ ಬೇರು ಸುತ್ತಿಕೊಂಡು ಎಷ್ಟೋ ಗಿಡಗಳು ಸತ್ತವು. ಗೋಡೆಯಿಂದ ಉಳಿಸಿ ತಂದು ಮನೆಯಲ್ಲಿ ಸಾಯಿಸುತ್ತಿದ್ದೇನೆ ಎಂಬ ಸಂಕಟ ಆಕೆಯನ್ನು ಬಹಳ ಕಾಲ ತಿಂದಿದೆ.

ಆ ಸಂಕಟಕ್ಕೆ ದಾರಿ ತೋರಿದ್ದು ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ನಿವಾಸಿಗಳು. ನಿವೃತ್ತ ವಿಜ್ಞಾನ ಶಿಕ್ಷಕಿ ಕೋಕಿಲಾ ಅವರು ಬೀದಿಯವರನ್ನು ಸೇರಿಸಿ ಬಳಗ ಕಟ್ಟಿ, ಕಸ ಸುರಿಯುತ್ತಿದ್ದ ಮೂರುಮೂಲೆ ಜಾಗವೊಂದನ್ನು ಪಾಲಿಕೆಯ ಒಪ್ಪಿಗೆ ಪಡೆದು ಸ್ವಚ್ಛ ಮಾಡಿದ್ದರು. ಈ ನೆಲದ ಗಿಡಗಳನ್ನೇ ನೆಡಬೇಕೆಂದು ಹೊಂಗೆ, ನೇರಳೆ, ಬಿಲ್ವ ತಂದಿದ್ದರು.

"ಚೆಂದ ಕಾಣೋ ಹೂವಿನ ಮರ ನಮ್ಮ ಬೀದಿಲಿ ಬೇಕಾದಷ್ಟಿವೆ, ಎಲ್ಲಿಂದಲೋ ಬಂದಿದ್ದು" ಎನ್ನುತ್ತಾರೆ ಕೋಕಿಲಾ. "ಅವುಗಳಲ್ಲಿ ನಮ್ಮ ಹಕ್ಕಿಗೆ ತಿನ್ನೋಕೆ ಏನೂ ಸಿಗಲ್ಲ. ಬೇರೆ ಹಣ್ಣು ಇಲ್ಲದ ಕಾಲದಲ್ಲೂ ಅರಳಿ, ಅತ್ತಿ ಹಣ್ಣು ಬಿಡುತ್ವೆ. ಒಂದು ಅರಳಿ ಇದ್ರೆ ಕುಟ್ರುಹಕ್ಕಿ, ಗೊರವಂಕ, ಬಾವಲಿ ಎಲ್ಲಾ ಬದುಕ್ಕೊಳ್ತವೆ."

ತಮ್ಮ ಮನೆಯ ತಾರಸಿಗೋಡೆ ರಿಪೇರಿಗೆ ಬಂದ ಚಿಕ್ಕಮುನಿಯಮ್ಮನ ಅಂಗಿಯೊಳಗಿಂದ ಗಿಡ ಇಣುಕುತ್ತಿದ್ದುದನ್ನು ಕೋಕಿಲಾ ನೋಡಿ, ಡಬ್ಬಗಳ ಕತೆಯನ್ನೆಲ್ಲ ಕೇಳಿಕೊಂಡರು. ಹೀಗೆ ಹೋದ ವರ್ಷದ ಮಳೆಗಾಲದಲ್ಲಿ, ಅಕ್ಕಿಪೇಟೆಯ ಮಂಡಿಯೊಂದರ ಗೋಡೆಯಿಂದ ಬಂದ ಎದೆಮಟ್ಟದ ಅರಳಿ ಮೂರುಮೂಲೆ ಜಾಗದ ನಡುವೆ ನೆಲೆಯಾಯಿತು. ಬಳಗದವರಲ್ಲಿ ಅರಳಿ ಬೇಡವೆಂದ ಕೆಲವರೂ ಇದ್ದರು. ಒಂದು ನೆಟ್ಟು ನೋಡೋಣ, ಉಳಿದರೆ ಮಿಕ್ಕ ಡಬ್ಬಗಳಿಗೂ ಜಾಗ ಹುಡುಕೋಣ, ಒಣಗಿದರೆ ಅಲ್ಲಿಗೆ ಬಿಟ್ಟುಬಿಡೋಣ ಎಂದು ಮಾತಾಯಿತು. ಬಿನ್ನಿಪೇಟೆಯ ಡಬ್ಬಗಳಲ್ಲಿ ಕಾದಿದ್ದ ಗಿಡಗಳ ಹಣೆಬರಹವೆಲ್ಲ ಆ ಒಂದೇ ಗಿಡದ ತಲೆಯ ಮೇಲೆ ಬಿತ್ತು.

ನೆಟ್ಟ ದಿನ ಚಿಕ್ಕಮುನಿಯಮ್ಮ ಒಂದು ತಪ್ಪು ಮಾಡಿದರು. ಅವರೇ ಒಪ್ಪಿಕೊಳ್ಳುತ್ತಾರೆ. "ಕೈಮುಗ್ದು ಕಿತ್ತಿದ್ದು, ಕೈಮುಗ್ದೇ ನೆಡ್ಬೇಕಲ್ವಾ? ಒಸಿ ಅರಿಶಿನ ಕುಂಕುಮ ಇಕ್ಕಿ, ಕಾಯಿ ಒಡ್ದೆ. ಅಷ್ಟೇಯ ನಾನು ಮಾಡಿದ್ದು."

ಅಷ್ಟೇ ಸಾಕಾಯಿತು. ಮಾರನೇ ದಿನ ಯಾರೋ ಕುಂಕುಮ ನೋಡಿ ಊದಿನಕಡ್ಡಿ ಚುಚ್ಚಿದರು. ಶನಿವಾರ ಬಂತು, ಪ್ರದಕ್ಷಿಣೆ ಶುರುವಾಯಿತು. ದಾರ ಸುತ್ತಿದರು, ಹಾಲು ಸುರಿದರು, ಎಣ್ಣೆ ದೀಪ ಹಚ್ಚಿದರು. ಗಾಜು ಒಡೆದ ದೇವರ ಫೋಟೋಗಳನ್ನು ಮನೆಯಲ್ಲಿಟ್ಟುಕೊಳ್ಳಲಾಗದವರು ತಂದು ಬುಡಕ್ಕೆ ಒರಗಿಸಿದರು. ತೋಳಿನಷ್ಟೂ ದಪ್ಪವಿಲ್ಲದ ಗಿಡ ಇಡೀ ಚಾಮರಾಜಪೇಟೆಯ ಕಷ್ಟ ಕೇಳಬೇಕಾಯಿತು. ಬುಡದ ಮಣ್ಣು ಎಣ್ಣೆ ಕುಡಿದು ಹಪ್ಪಳವಾಯಿತು, ಹಾಲು ಹುಳಿಯಾಗಿ ಇರುವೆ ಮುತ್ತಿತು, ಎಲೆಗಳು ಒಂದೊಂದಾಗಿ ಉದುರಿದವು. ಭಕ್ತಿಗೇನೂ ಕೊರತೆಯಿರಲಿಲ್ಲ, ಗಿಡಕ್ಕೆ ಮಾತ್ರ ಉಸಿರಾಡಲು ಜಾಗವಿರಲಿಲ್ಲ.

ಬಳಗದವರು "ಇಲ್ಲಿ ಪೂಜೆ ಮಾಡಬಾರದು" ಎಂದು ಫಲಕ ನೆಟ್ಟರು. ಮಾರನೇ ಬೆಳಗ್ಗೆ ಫಲಕಕ್ಕೂ ಕುಂಕುಮ ಬಿದ್ದಿತ್ತು.

ಇದಕ್ಕೆಲ್ಲ ಮುಂದಾಳಾಗಿದ್ದವರು ಅದೇ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಪ್ರತಿಭಾ. ಮಗಳಿಗೆ ಗರ್ಭ ನಿಲ್ಲುತ್ತಿರಲಿಲ್ಲ, ಆ ನೋವಿಗೆ ಹರಕೆ ಹೊತ್ತಿದ್ದರು. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಿಡ ಸೊರಗುತ್ತಿದೆ ಎಂದು ಅವರಿಗೂ ಕಂಡಿತ್ತು. ಸೇವೆ ಸಾಲದೆಂದುಕೊಂಡು ಅವರು ಸುತ್ತಲೂ ಸಿಮೆಂಟಿನ ಕಟ್ಟೆ ಕಟ್ಟಿಸಲು ಹೊರಟರು. ಅದಕ್ಕೆ ಕರೆದದ್ದು ಚಿಕ್ಕಮುನಿಯಮ್ಮನನ್ನೇ.

"ಗಾರೆ ಕೆಲ್ಸ ಬ್ಯಾಡ ಅಂದಿದ್ದು ನನ್ನ ಜಲ್ಮದಲ್ಲೇ ಅದೇ ಮೊದ್ಲು ಸಾರ್" ಎಂದು ಆಕೆ ನೆನೆಯುತ್ತಾರೆ. ಸಿಮೆಂಟು ಬಂದು ಬಿದ್ದಿತ್ತು. ಆಕೆ ಕರಣೆ ತೆಗೆದು, ಕಟ್ಟೆ ಕಟ್ಟುವ ಬದಲು, ಕುಕ್ಕರುಗಾಲಲ್ಲಿ ಕೂತು ಬುಡದ ಎಣ್ಣೆಮಣ್ಣನ್ನು ಕೆರೆಯತೊಡಗಿದರು. ಪ್ರತಿಭಾಗೆ ಸಿಟ್ಟು ಬಂತು.

"ದೇವರ ಗಿಡಕ್ಕೆ ಕರಣೆ ಹಾಕ್ತೀಯಲ್ಲಮ್ಮ, ಏನು ಮಾಡ್ತಿದೀಯ ನೀನು?"

"ದೇವ್ರೇ ಕಣಮ್ಮ, ಯಾರು ಅಲ್ಲ ಅಂದ್ರು? ಆದ್ರೆ ಇನ್ನೂ ಎಳೇ ಮಗು. ಎಳೇ ಮಗು ಬಾಯಿಗೆ ಮುದ್ದೆ ತುರುಕಿದ್ರೆ ಅದು ಹೆಂಗೆ ಬದುಕ್ತದೆ?"

ಅಲ್ಲೇ ವಾಕಿಂಗ್ ಮುಗಿಸಿ ಬರುತ್ತಿದ್ದವರು ಶೀನಣ್ಣ. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ, ಬೀದಿಯಲ್ಲಿ ಯಾವ ಹಬ್ಬಕ್ಕೂ ಎಲ್ಲರೂ ಮುಹೂರ್ತ ಕೇಳುವ ಹಿರಿಯರು. ಜಗಳ ಕೇಳಿ ನಿಂತವರಿಗೆ "ಮಗು" ಎಂಬ ಮಾತು ಎಲ್ಲೋ ತಾಗಿತು.

"ಪ್ರತಿಭಾ, ಚಿಕ್ಕಮುನಿಯಮ್ಮ ಹೇಳೋದು ಸರಿಯಮ್ಮ" ಎಂದರು. "ಅರಳಿಗೂ ಮುಂಜಿ ಮಾಡೋ ಪದ್ಧತಿ ಇದೆ. ಮುಂಜಿ ಆಗೋವರೆಗೂ ಅದು ಬರೀ ಮಗು. ಪ್ರದಕ್ಷಿಣೆ, ಪೂಜೆ ಒಂದೂ ಸಲ್ಲಲ್ಲ. ನಮ್ಮಜ್ಜಿ ಹೇಳೋರು."

ಪ್ರತಿಭಾ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಅಲ್ಲೀತನಕ ಏನು ಕೊಡ್ಬೇಕು ಶೀನಣ್ಣ?"

"ಬರೀ ನೀರು ಕೊಡಮ್ಮ."

ನಾನು ಶೀನಣ್ಣನವರನ್ನು ಬೇರೆಯಾಗಿ ಕೇಳಿದೆ, ಇದಕ್ಕೆ ಶಾಸ್ತ್ರದಲ್ಲಿ ಆಧಾರ ಇದೆಯೇ ಎಂದು. ಅವರು ಕನ್ನಡಕ ಒರೆಸುತ್ತ ನಕ್ಕರು. "ಅಶ್ವತ್ಥನಿಗೆ ಉಪನಯನ ಮಾಡೋದಂತೂ ನಿಜ. ಅಲ್ಲೀತನಕ ಪೂಜೆ ಇಲ್ಲ ಅನ್ನೋದು ಅಜ್ಜಿ ಮಾತು. ಪುಸ್ತಕ ತೆಗೆದು ನೋಡಿಲ್ಲ. ನೋಡೋಕೂ ಹೋಗಲ್ಲ ಬಿಡಿ."

ಫಲಕ ಮಾಡಲಾಗದ್ದನ್ನು ಮುಂಜಿ ಮಾಡಿತು. ಸುದ್ದಿ ಹಬ್ಬಿಸಿದ್ದು ಸ್ವತಃ ಪ್ರತಿಭಾ, ಅಷ್ಟೇ ಶ್ರದ್ಧೆಯಿಂದ. ದಾರ ಬಿಚ್ಚಿದರು, ಫೋಟೋಗಳು ಹೋದವು. ಚಿಕ್ಕಮುನಿಯಮ್ಮ ಹಳೇ ಮಣ್ಣು ತೆಗೆದು ಕೆಂಪುಮಣ್ಣು, ಗೊಬ್ಬರ ತುಂಬಿದರು. ಶನಿವಾರದ ಹೆಂಗಸರು ತಂಬಿಗೆಯಲ್ಲಿ ನೀರು ತರತೊಡಗಿದರು. ಅರಳಿಗೆ ಒಂದಿಷ್ಟು ಹಾಕಿ ಮಿಕ್ಕದ್ದನ್ನು ಒಯ್ಯುವುದೇಕೆಂದು ಪಕ್ಕದ ಹೊಂಗೆಗೆ, ನೇರಳೆಗೆ ಸುರಿದರು. ಗಿಡ ನೆಡುವವರು ಸಿಗುತ್ತಾರೆ, ಬೇಸಿಗೆಯಲ್ಲಿ ನೀರು ಹಾಕುವವರು ಸಿಗುವುದಿಲ್ಲ ಎಂದು ಕೊರಗುತ್ತಿದ್ದ ಕೋಕಿಲಾ ಈಗ ನೀರು ಜಾಸ್ತಿಯಾಯಿತೆಂದು ಗೊಣಗುತ್ತಾರೆ.

ಆದರೂ ಚಳಿಗಾಲವಿಡೀ ಅರಳಿ ಬರೀ ಕೋಲಾಗಿ ನಿಂತಿತ್ತು. ಚಿಕ್ಕಮುನಿಯಮ್ಮ ಕೆಲಸಕ್ಕೆ ಹೋಗುವ ಮುಂಚೆ ಬಂದು ಉಗುರಿನಿಂದ ತೊಗಟೆ ಗೀಚಿ ಒಳಗೆ ಹಸಿರಿದೆಯೇ ನೋಡುತ್ತಿದ್ದರು. ಮನೆಯಲ್ಲಿ ಡಬ್ಬಗಳಿಗೆ ನೀರು ಹಾಕುವಾಗ ಅವುಗಳ ಮುಖ ನೋಡಲು ಆಗುತ್ತಿರಲಿಲ್ಲವಂತೆ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು. ಆಕೆ ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟರು.

"ಅಳು ಬಂತು ಸಾರ್. ನಮ್ಮೆಜಮಾನ್ರು ಹೋದಾಗ್ಲೂ ಅಷ್ಟು ಅತ್ತಿರ್ಲಿಲ್ಲ, ಅವಾಗ ಪುರುಸೊತ್ತೇ ಇರ್ಲಿಲ್ಲ."

ನಾನು ನೋಡುವ ಹೊತ್ತಿಗೆ ಗಿಡ ನನ್ನ ತಲೆ ದಾಟಿದೆ. ಗಾಳಿಗೆ ಅದರ ಎಲೆಗಳು ಪಟಪಟ ಎನ್ನುವುದನ್ನು ಕೇಳಿ ನನ್ನ ಎದೆಯೂ ಹಗುರಾಯಿತೆಂದು ಬರೆಯಲು ಸಂಕೋಚವಿಲ್ಲ. ಬಿನ್ನಿಪೇಟೆಯ ಡಬ್ಬಗಳು ಖಾಲಿಯಾಗುತ್ತಿವೆ. ಒಂದು ಬಸರಿ ಬಸವನಗುಡಿಯ ಪಾರ್ಕಿಗೆ ಹೋಗಿದೆ, ಅತ್ತಿಯೊಂದು ಮಲ್ಲೇಶ್ವರದ ಶಾಲೆಯೊಂದರ ಹಿಂದೆ ಬೇರು ಬಿಟ್ಟಿದೆ. ಪರಮಶಿವಯ್ಯನವರ ಗೋಡೆಯ ಮಗುವಿಗೂ ಜಾಗ ಗೊತ್ತಾಗಿದೆ. ಪ್ರತಿಭಾ ಅವರ ಮಗಳಿಗೆ ಈಗ ಏಳು ತಿಂಗಳು.

ನಿಮಗೇನು ಆಸೆ ಎಂದು ಕೇಳಿದೆ. ಮಂಡಿನೋವು ಕಡಿಮೆಯಾದರೆ ಸಾಕು ಎಂದರು ಮೊದಲು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಅತ್ತಿತ್ತ ನೋಡಿ, ಇನ್ನೊಂದು ಮಾತು ಹೇಳಿದರು. ಅರಳಿಗೆ ಎಂಟು ವರ್ಷವಾದಾಗ ಮುಂಜಿ ಮಾಡುವುದೆಂದು ಬೀದಿಯವರು ನಿಶ್ಚಯಿಸಿದ್ದಾರೆ. ಮುಂಜಿಯ ಬೆಳಗ್ಗೆ ಹುಡುಗ ತಾಯಿಯ ಜೊತೆ ಒಂದೇ ಎಲೆಯಲ್ಲಿ ಊಟ ಮಾಡುವ ಸಂಪ್ರದಾಯವಿದೆಯೆಂದು ಕೋಕಿಲಾ ಆಕೆಗೆ ಹೇಳಿದ್ದರಂತೆ.

"ಹಂಗಾರೆ ಇದ್ರ ತಾಯಿ ಯಾರು ಅಂತ ಕೇಳ್ದೆ. ಸುಮ್ಕೆ ಕೇಳಿದ್ದು ನಾನು. ಎಲ್ಲಾರೂ ಶೀನಣ್ಣನೋರ ಮುಖ ನೋಡುದ್ರು. ಅವ್ರು ‘ಹೆತ್ತಿದ್ದು ಹಕ್ಕಿ, ಎತ್ತಿಕೊಂಡು ಬಂದಿದ್ದು ನೀನು. ಎಲೆ ಮುಂದೆ ನೀನೇ ಬಂದು ಕೂತ್ಕೋಬೇಕು ಕಣಮ್ಮ’ ಅಂದ್ರು. ಅವ್ರ ಪಂಕ್ತೀಲಿ, ನಾನು. ಇದೊಂದನ್ನ ಪೇಪರಲ್ಲಿ ಹಾಕಿ ಸಾರ್. ಎಂಟು ವರ್ಷ ಅಂದ್ರೆ ಬೋ ದೂರ, ಅವ್ರು ಮರೀಬಾರ್ದು."