ಮಾವಾರನ್ನು ಸಭೆಯಿಂದ ಹೊರಗೆ ಕಳಿಸಿದ್ದು

ಅಮೀರ್‌ಪೇಟೆಯಲ್ಲಿ ಗೋಡೆ ಕಾಣದಷ್ಟು ಕಂಪ್ಯೂಟರ್ ಕೋರ್ಸಿನ ಬೋರ್ಡುಗಳು ತೂಗುತ್ತಿದ್ದ ಕಾಲ. ನಾನು ಮೈಸೂರಿನಿಂದ ಆ ತೆಲುಗು ಊರಿಗೆ ಬಂದು ಬೇಗಂಪೇಟೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೂ ಸಂಬಳ ಕೊಡುತ್ತಾರೆ ಅಂತ ಗೊತ್ತಾದ ಮೇಲೆ ನನಗೆ ಕೊಂಬು ಬಂದಿತ್ತು. ಸಾಲದ್ದಕ್ಕೆ ಆಫೀಸಿನವರು ಭಾಷಣ ಕಲಿಸುವ ಒಂದು ಕ್ಲಬ್ಬಿಗೆ ಸೇರಿಸಿದರು. ಸಭೆಯಲ್ಲಿ ಯಾರು ಯಾವಾಗ ಬಾಯಿ ತೆರೆಯಬೇಕು, ಯಾವಾಗ ಮುಚ್ಚಬೇಕು ಅಂತ ಹೇಳುವ ದಪ್ಪ ಪುಸ್ತಕವೇ ಅಲ್ಲಿತ್ತು. ಅದರ ಝೆರಾಕ್ಸ್ ಮಾಡಿಸಿ ನೇರ ಕೂಕಟ್‌ಪಲ್ಲಿಯ ನಮ್ಮ ಕನ್ನಡ ಸಂಘಕ್ಕೆ ಹೊತ್ತುಕೊಂಡು ಹೋದೆ.

ಸಂಘ ಅಂದರೆ ಇಪ್ಪತ್ತೊಂದು ಜನ ಸದಸ್ಯರು, ಒಂದು ಅಪಾರ್ಟ್‌ಮೆಂಟಿನ ಸೆಲ್ಲಾರು, ಸ್ಕೂಟರುಗಳ ನಡುವೆ ಹಾಸಿದ ಎರಡು ಜಮಖಾನೆ. ಅಧ್ಯಕ್ಷರು ಕಲಬುರಗಿ ಕಡೆಯವರು, ನಾಚಾರಂನ ಕಾರ್ಖಾನೆಯೊಂದರಲ್ಲಿ ಲೇತ್ ನೋಡಿಕೊಳ್ಳುತ್ತಿದ್ದರು. ಪ್ರತಿ ರಾಜ್ಯೋತ್ಸವಕ್ಕೂ ಕೌರವನ ಪಾತ್ರ ಅವರದೇ. ಅದಕ್ಕಾಗಿ ಅಲ್ಯೂಮಿನಿಯಂ ಗದೆಯೊಂದನ್ನು ತಾವೇ ಕಡೆದು ಇಟ್ಟುಕೊಂಡಿದ್ದರು. ಈ ಸಲ ಕೌರವ ಬೇಡ, ನಾನು ಬರೆದ ನಾಟಕ ಆಡೋಣ ಅಂತ ನನ್ನ ಆಸೆ. ಒಂದೇ ಕೋಣೆಯಲ್ಲಿ ಪಾಳಿ ಹಾಕಿಕೊಂಡು ಮಲಗುವ ಸಾಫ್ಟ್‌ವೇರ್ ಹುಡುಗಿಯರು ಮತ್ತು ಅವರ ಮನೆ ಮಾಲಕಿ ಮುದುಕಿಯ ಕಥೆ. ನಾನು ಬರೆದ ಮೊದಲ ನಾಟಕ. ಸದಸ್ಯರಿಗೆಲ್ಲ ಪ್ರತಿ ಹಂಚಿದ್ದೆ. ಚೆನ್ನಾಗಿದೆ ಅಂತ ಬೇಡ, ಚೆನ್ನಾಗಿಲ್ಲ ಅಂತಲಾದರೂ ಯಾರೂ ಹೇಳಿರಲಿಲ್ಲ.

ಕಾರ್ಯಸೂಚಿಯಲ್ಲಿ ನಾಟಕದ್ದು ನಾಲ್ಕನೆಯ ವಿಷಯ. ಎರಡು ಭಾನುವಾರ ಅದರ ಹತ್ತಿರಕ್ಕೂ ಹೋಗಲಾಗಲಿಲ್ಲ, ಮಾವಾರಿಂದಾಗಿ.

ಮಾವಾರು ಅಂದರೆ ಸದಸ್ಯರೊಬ್ಬರ ಮಾವ. ಗದಗ ಕಡೆ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದವರು. ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಬಂದಿದ್ದರು. ಒಬ್ಬರಿಗೆ ಮಾವ ಅಂದಮೇಲೆ ಇಡೀ ಸಂಘಕ್ಕೇ ಮಾವ. ಕರಿ ಕನ್ನಡಕ ಹಾಕಿಕೊಂಡು ಮುಂದೆಯೇ ಕೂತು, ಯಾವ ವಿಷಯ ಬಂದರೂ ಎದ್ದು ನಿಲ್ಲುತ್ತಿದ್ದರು.

"ಇದರಾಗ ಒಂದು ಮಾತೈತಿ," ಅಂತ ಶುರು. ಮಾತು ಹುಬ್ಬಳ್ಳಿ ಬಿಟ್ಟು ಗುಂತಕಲ್ಲಿಗೆ ಹೋಗಿ, ಅಲ್ಲಿ ಬಿದ್ದ ಸಿಗ್ನಲ್ ಕಂಬ, ಆ ಕಂಬಕ್ಕೆ ಎಮ್ಮೆ ಕಟ್ಟಿದವನು, ಅವನ ಮಗಳ ಮದುವೆ, ಆ ಮದುವೆಯ ಲಾಡು ಅಂತ ಸಾಗುತ್ತಿತ್ತು. ಅಳಿಯ ಪಾಪ, ಎದುರಿನ ಸ್ಕೂಟರಿನ ನಂಬರ್ ಪ್ಲೇಟನ್ನು ನಾಳೆ ಪರೀಕ್ಷೆ ಇರುವವನಂತೆ ಓದುತ್ತ ಕೂರುತ್ತಿದ್ದ. ಮಾವನಿಗೆ ಸುಮ್ಮನಿರಿ ಅನ್ನುವ ಅಳಿಯ ಇನ್ನೂ ಹುಟ್ಟಿಲ್ಲ. ನಾನು ಪಾಯಿಂಟ್ ಆಫ್ ಆರ್ಡರ್, ನಿಯಮ ತಪ್ಪುತ್ತಿದೆ ಅಂತ ಎದ್ದರೆ, "ಕೂಡ್ರವಾ, ಅಲ್ಲಿಗೇ ಬರಾಕತ್ತೀನಿ," ಅನ್ನುತ್ತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಚಹಾ ಚುರುಮುರಿ ಬಂದು ಸಭೆ ಮುಗಿಯುತ್ತಿತ್ತು.

ಮೂರನೆಯ ಭಾನುವಾರ ನನಗೆ ಕೊನೆಯ ಅವಕಾಶ. ಅವತ್ತು ಠರಾವು ಆಗದಿದ್ದರೆ ತಾಲೀಮಿಗೆ ಸಮಯ ಉಳಿಯುವುದಿಲ್ಲ, ಕೌರವನೇ ಗಟ್ಟಿ. ಮಾವಾರು ಮೊದಲನೆಯ ವಿಷಯಕ್ಕೇ ಎದ್ದು ಗುಂತಕಲ್ಲು ದಾಟಿದಾಗ ನನಗೆ ಪಿತ್ತ ನೆತ್ತಿಗೇರಿತು. ಝೆರಾಕ್ಸ್ ಹಿಡಿದು ಎದ್ದೆ.

"ಅಧ್ಯಕ್ಷರೆ, ಇವರು ಸದಸ್ಯರಲ್ಲ, ಅತಿಥಿಗಳು. ಸಭೆಗೆ ಅಡ್ಡಿ ಮಾಡೋ ಅತಿಥಿನ ಹೊರಗೆ ಕಳಿಸೋ ಅಧಿಕಾರ ನಿಮಗಿದೆ. ಚರ್ಚೆನೂ ಬೇಕಿಲ್ಲ, ಕೈ ಎತ್ತಿಸೋದೂ ಬೇಕಿಲ್ಲ. ಪುಸ್ತಕದಲ್ಲೇ ಇದೆ."

ಅಧ್ಯಕ್ಷರು ಪುಟವನ್ನು ಹಿಂದೆ ಮುಂದೆ ತಿರುಗಿಸಿದರು. "ಹೊರಗ ಕಳಸ್ರಿ ಅಂತ ಬರದಾರ. ಹೆಂಗ ಕಳಸೂದು ಅಂತ ಬರದಿಲ್ಲಲ್ರಿ," ಅಂದರು. ಆಮೇಲೆ ಎದ್ದು ಕೈಮುಗಿದರು. "ಮಾವಾರ, ತಪ್ಪ ತಿಳಕೋಬ್ಯಾಡ್ರಿ. ನಿಯಮದ ಪ್ರಕಾರ ತಾವು ಹೊರಗ ಹೋಗಬೇಕಾಗೈತಿ."

ಮಾವಾರಿಗೆ ಸಿಟ್ಟೇ ಬರಲಿಲ್ಲ. "ನಿಯಮ ಅಂದಮ್ಯಾಲ ಮುಗೀತು. ಬಸ್ ಹಿಡದು ಮನಿಗೆ ಹೋಗತೀನಿ," ಅಂತ ಕೊಡೆ ತೆಗೆದುಕೊಂಡರು.

ಸಂಘ ಎದ್ದು ನಿಂತಿತು. ಆಪರೇಷನ್ ಆದ ಕಣ್ಣು, ರಸ್ತೆ ಹೇಗೆ ದಾಟುತ್ತಾರೆ ಅಂತ ಅಳಿಯ ಹೊರಟ. ಅವನ ಹಿಂದೆ ಹೆಂಡತಿ. ಹಿರಿಯರನ್ನು ಬರಿಗೈಯಲ್ಲಿ ಕಳಿಸುವುದೇ ಅಂತ ಮೇಲಿನ ಮನೆಯವರು ಓಡಿ ಹೋಗಿ ಶೇಂಗಾ ಹೋಳಿಗೆಯ ಡಬ್ಬಿ ತಂದರು. ಚಹಾ ಕುಡಿಯದೆ ಹೋದರಲ್ಲ ಅಂತ ಇಬ್ಬರು ಥರ್ಮಾಸ್ ಹಿಡಿದು ಬೆನ್ನು ಹತ್ತಿದರು. ಮಗಳ ಮನೆ ಎರಡೇ ಸ್ಟಾಪಿನಾಚೆ ಇದ್ದದ್ದು. ಆದರೂ ಬಂದ ನೆಂಟರನ್ನು ಬಸ್ಸು ಹತ್ತಿಸದೆ ಕೂರುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ಐದು ನಿಮಿಷದಲ್ಲಿ ಜಮಖಾನೆಯ ಮೇಲೆ ಉಳಿದವರು ನಾನು, ಅಧ್ಯಕ್ಷರು, ಮತ್ತೆ ಕಾಲು ಜೋಮು ಹಿಡಿದಿದ್ದ ಒಬ್ಬರು.

"ಕೋರಂ ಎಷ್ಟಿರಬೇಕ್ರಿ ನಿಮ್ಮ ಪುಸ್ತಕದ ಪ್ರಕಾರ?" ಅಧ್ಯಕ್ಷರು ಮೆಲ್ಲಗೆ ಕೇಳಿದರು.

"ಠರಾವು ಆಗ್ಬೇಕಾದ್ರೆ ಹನ್ನೊಂದು ಜನ," ಅಂದೆ. ಅವರ ಮುಖದಲ್ಲಿ ಕೌರವ ಆಗಲೇ ಮೀಸೆ ತಿರುವುತ್ತಿದ್ದ.

ಕೋರಂ ಹಿಡಿದು ತರಲು ಬಸ್ ಸ್ಟಾಪಿಗೆ ಓಡಿದೆ. ಇಡೀ ಸಂಘ ಮಾವಾರ ಸುತ್ತ ನಿಂತು ಆರಾಮಾಗಿ ಚಹಾ ಕುಡಿಯುತ್ತಿತ್ತು. ಮಾವಾರು ನನ್ನನ್ನು ಕಂಡು ಹತ್ತಿರ ಕರೆದರು.

"ಬಾರವಾ. ಮೂರು ವಾರದಿಂದ ಒಂದ ಮಾತು ಹೇಳಬೇಕಂತ ಎದ್ದು ನಿಂದರತೀನಿ, ನೀ ಬಿಡವಲ್ಲಿ. ನಿನ್ನ ನಾಟಕ ಅಳಿಯನ ಮನ್ಯಾಗಿತ್ತು. ಒಂದ ಕಣ್ಣಲೆ ಎರಡು ಸಲ ಓದೀನಿ. ಇದನ್ನ ಆಡ್ರಿ ಅಂತ ಹೇಳಾಂವ ಇದ್ದೆ."

"ಬೇರೆ ಯಾರಾದ್ರೂ ಓದಿದ್ದೀರಾ?" ಅಂತ ಸುತ್ತ ನೋಡಿದೆ. ಎಲ್ಲರೂ ಬಸ್ಸು ಬಂತೇ ಅಂತ ರಸ್ತೆ ನೋಡತೊಡಗಿದರು. ಅಳಿಯನೂ ನೋಡಿದ.

ನಾಚಿಕೆಯಿಂದ ಭೂಮಿಗಿಳಿದು ಹೋದೆ. ನನಗಿದ್ದ ಒಬ್ಬನೇ ಓದುಗನನ್ನು ನಾನೇ ಪುಟ ತೋರಿಸಿ ಹೊರಗೆ ಹಾಕಿಸಿದ್ದೆ. ತಪ್ಪಾಯಿತು ಅಂತ ಕಾಲು ಮುಟ್ಟಿದೆ. ಸದಸ್ಯರು ಒಪ್ಪಿದರೆ ಅತಿಥಿ ಮಾತಾಡಬಹುದು, ಅದೂ ಪುಸ್ತಕದಲ್ಲಿದೆ, ವಾಪಸು ಬನ್ನಿ ಅಂದೆ. ಎಲ್ಲರೂ ಒಪ್ಪಿದರು. ಬಂದ ಬಸ್ಸನ್ನು ಬಿಟ್ಟು ಎಲ್ಲರೂ ಸೆಲ್ಲಾರಿಗೆ ಮರಳಿದೆವು.

ಮಾವಾರು ಈ ಸಲ ಅಧಿಕೃತವಾಗಿ ಎದ್ದು ನನ್ನ ನಾಟಕದ ಪರವಾಗಿ ಮಾತು ಶುರು ಮಾಡಿದರು. ಶುರುವಾದದ್ದು ಹುಬ್ಬಳ್ಳಿಯಿಂದ. ಹಾಲು ತರಬೇಕು, ಮಗನ ಹೋಮ್‌ವರ್ಕ್ ಇದೆ ಅಂತ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಮಾವಾರು ಎರಡನೆಯ ಅಂಕ ಮುಟ್ಟುವ ಹೊತ್ತಿಗೆ ಆರು ಜನ ಉಳಿದಿದ್ದೆವು. ಅಡ್ಡ ಬಾಯಿ ಹಾಕುವ ಮುಖ ನನಗಿರಲಿಲ್ಲ.

"ನಾಟಕ ಚಂದೈತಿ," ಅಂದರು ಕಡೆಗೆ. "ಆದರ ಆ ಮನಿ ಮಾಲಕಿ ಮುದುಕಿ ಭಾಳ ಮಾತಾಡ್ತಾಳ. ಯಾರರ ಆಕಿನ್ನ ತಡೀಬೇಕು."

ಅಳಿಯನಿಗೆ ಕೆಮ್ಮು ಬಂದು ಎದ್ದು ಹೊರಗೆ ಹೋದ.

ಆ ವರ್ಷವೂ ಕೌರವನೇ ಮೆರೆದ. ನನಗೆ ಹೊಟ್ಟೆ ಉರಿಯಿತು, ನಿಜ ಹೇಳಬೇಕೆಂದರೆ ಈಗಲೂ ಉರಿಯುತ್ತದೆ. ಮಾವಾರು ಕನ್ನಡಕ ಬದಲಿಸಿಕೊಂಡು ಊರಿಗೆ ಹೋದ ಮೇಲೆ ನಾಟಕವನ್ನು ತೆಗೆದು ಓದಿದೆ. ಮುದುಕಿ ಮಾತಾಡುತ್ತಲೇ ಇದ್ದಳು, ತಡೆಯುವವರೇ ಇಲ್ಲ. ಅವಳ ಮೂರು ಪುಟ ಹೊಡೆದುಹಾಕಿ, ಹೊಸದಾಗಿ ಬರೆದು, ಝೆರಾಕ್ಸ್ ಅಂಗಡಿಗೆ ಹೋದೆ. ಎಷ್ಟು ಕಾಪಿ ಅಂತ ಅಂಗಡಿಯವನು ಕೇಳಿದ. ಒಂದೇ ಸಾಕು ಅಂದೆ. ಅದನ್ನು ಗದಗಿಗೆ ಪೋಸ್ಟ್ ಮಾಡಿದೆ.